ಎಲ್ಲದಕ್ಕೂ ‘ಫೈಟ್’ ಅಂದರೆ ಹೇಗೆ?

ನಮ್ಮ ಕಾಲೇಜಿನಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಕಡೆಯವರಿದ್ದೇವೆ. ಮನೆಯಲ್ಲಿ ಕನ್ನಡ ಇರಲಿ, ಉರ್ದು ಇರಲಿ, ಇಂಗ್ಲಿಷಿಗೆ ಬಂದ ಕೂಡಲೇ ಜಗಳಕ್ಕೆ ನಮ್ಮೆಲ್ಲರ ಬಾಯಲ್ಲಿ ಇರುವುದು ಒಂದೇ ಕ್ರಿಯಾಪದ: ಫೈಟ್. ಹಿಂದಿನ ಬೆಂಚಿನ ಇಬ್ಬರು ಕಬಡ್ಡಿ ವಿಷಯಕ್ಕೆ ಮಾತಿಗೆ ಮಾತು ಬೆಳೆಸಿದರೆ ‘ಸರ್, ದೇ ಆರ್ ಫೈಟಿಂಗ್’. ಅಮ್ಮ ಬೈದರೆ ‘ಮೈ ಮದರ್ ಫೈಟೆಡ್ ವಿತ್ ಮಿ’. ಇಂಡಿಯ ಗೆಳೆಯನೊಬ್ಬ ಅವರ ತಂದೆ ಲಿಂಬೆಹಣ್ಣಿನ ದರಕ್ಕೆ ಜಗ್ಗಾಡಿದ್ದನ್ನೂ ಫೈಟ್ ಎಂದೇ ಬರೆದಿದ್ದ. ಫೈಟೆಡ್ ಅಲ್ಲ, ಫಾಟ್ ಅನ್ನಬೇಕು ಎಂದು ಮೇಡಂ ಎಷ್ಟೋ ಸಲ ತಿದ್ದಿದ್ದಾರೆ. ನನ್ನ ತಕರಾರು ಅದರ ಬಗ್ಗೆ ಅಲ್ಲ.

ತಕರಾರು ಅಂದೆ. ಈ ಪದ ನಮ್ಮ ಮನೆಯಲ್ಲೂ ಇದೆ. ಉರ್ದುವಿನಲ್ಲಿ ‘ತಕ್ರಾರ್’ ಅಂದರೆ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು, ಹಾಗೆ ಹೇಳುತ್ತಾ ಜಗಳಕ್ಕೆ ಬರುವುದು. ಅದೇ ಪದ ಕನ್ನಡಕ್ಕೆ ಬಂದು ಕಚೇರಿಯ ಕುರ್ಚಿ ಹತ್ತಿದೆ. ಜಮೀನು ಮಾರಾಟದ ಪ್ರಕಟಣೆಯಲ್ಲಿ ‘ಯಾರದಾದರೂ ತಕರಾರು ಇದ್ದಲ್ಲಿ’ ಎಂದು ಬರೆದಿರುತ್ತಾರಲ್ಲ, ಅಲ್ಲಿ ಯಾರೂ ಕೂಗಾಡುವುದಿಲ್ಲ, ಅರ್ಜಿ ಕೊಡುತ್ತಾರೆ. ತಕರಾರು ಅರ್ಜಿ ಕೊಟ್ಟವನನ್ನು ತಹಶೀಲ್ದಾರರ ಕಚೇರಿಯಲ್ಲಿ ಜಗಳಗಂಟ ಅನ್ನುವುದಿಲ್ಲ. ಕನ್ನಡದಲ್ಲಿ ಜಗಳ ಬೇರೆ, ವಾದ ಬೇರೆ, ಬಡಿದಾಟ ಬೇರೆ, ಹೋರಾಟ ಬೇರೆ. ಉರ್ದುವಿನಲ್ಲೂ ಝಗಡಾ ಬೇರೆ, ಬಹಸ್ ಬೇರೆ. ಸ್ವಾತಂತ್ರ್ಯಕ್ಕಾಗಿ ಹೋರಾಡಿದವರು ಕನ್ನಡದಲ್ಲಿ ಹೋರಾಟಗಾರರು, ಉರ್ದುವಿನಲ್ಲಿ ಮುಜಾಹಿದ್-ಎ-ಆಜಾದಿ. ಬೀದಿಯಲ್ಲಿ ಕಾಲು ಕೆದರಿ ನಿಲ್ಲುವವನಿಗೆ ಬೇರೆಯೇ ಹೆಸರು. ಇಂಗ್ಲಿಷಿನಲ್ಲಿ ಇಬ್ಬರೂ ಫೈಟರ್. ಎರಡು ಭಾಷೆಯಲ್ಲಿ ಇಷ್ಟು ಪದ ಇಟ್ಟುಕೊಂಡ ನಾವು ಮೂರನೆಯದಕ್ಕೆ ಹೋದಾಗ ಒಂದೇ ಪದದಲ್ಲಿ ಯಾಕೆ ಸಂಸಾರ ಮಾಡಬೇಕು?

ಇದು ಬರೀ ವ್ಯಾಕರಣದ ಮಾತಲ್ಲ. ನನ್ನ ಖಾಲಾ ಅವರ ಮಗ ಪಿಯುಸಿ ಮುಗಿಸಿ ದೊಡ್ಡ ಊರಿನ ಒಂದು ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದ್ದ. ತಿಂಗಳ ಕೊನೆಗೆ ಎರಡು ದಿನದ ಪಗಾರ ಕಡಿಮೆ ಬಂತು. ಹಾಜರಿ ತೋರಿಸಿ ಮ್ಯಾನೇಜರನ್ನು ಕೇಳಿದ. ಅವರು ಒಪ್ಪಲಿಲ್ಲ, ಇವನು ಬಿಡಲಿಲ್ಲ. ಅಷ್ಟೇ ನಡೆದದ್ದು. ಮೇಲಿನ ಸಾಹೇಬರು ಬೇರೆ ರಾಜ್ಯದವರು, ಅವರಿಗೆ ಇಂಗ್ಲಿಷಿನಲ್ಲೇ ತಿಳಿಸಬೇಕು. ಇವನು ವಾಟ್ಸ್ಆ್ಯಪ್‌ನಲ್ಲಿ ಬರೆದದ್ದು: ‘ಐ ಫೈಟ್ ವಿತ್ ಮ್ಯಾನೇಜರ್ ಫಾರ್ ಟೂ ಡೇಸ್ ಸ್ಯಾಲರಿ’. ಓದಿದವರಿಗೆ ಕಂಡದ್ದು ಮೊದಲ ಏಳು ಪದ: ಎರಡು ದಿನ ಮ್ಯಾನೇಜರ್ ಜೊತೆ ಹೊಡೆದಾಡಿದ್ದಾನೆ! ನಾಳೆಯಿಂದ ಬರಬೇಡ ಎಂದು ಉತ್ತರ ಬಂತು. ಆ ಪಗಾರವೂ ಹೋಯಿತು, ಕೆಲಸವೂ ಹೋಯಿತು. ಮನೆಯಲ್ಲಿ ಎಲ್ಲರೂ ‘ಯಾಕಪ್ಪಾ ಜಗಳ ಮಾಡಿದೆ’ ಎಂದು ಅವನನ್ನೇ ಕೇಳಿದರು. ಅವನು ಜಗಳ ಮಾಡಿರಲೇ ಇಲ್ಲ. ಲೆಕ್ಕ ಕೇಳಿದ್ದ. ‘ಐ ವಾಸ್ ನಾಟ್ ಪೇಯ್ಡ್ ಫಾರ್ ಟೂ ಡೇಸ್, ಐ ಆಸ್ಕ್ಡ್ ವೈ’ ಎಂದು ಬರೆದಿದ್ದರೆ ಜಗಳದ ಕ್ರಿಯಾಪದವೇ ಬೇಕಿರಲಿಲ್ಲ. ಸಾಹೇಬರು ಒಂದು ಫೋನ್ ಮಾಡಿ ವಿಚಾರಿಸಬಹುದಿತ್ತು, ಆ ತಪ್ಪು ಅವರದೇ. ಆದರೆ ನಮ್ಮಂಥವರ ಮಕ್ಕಳಿಗೆ ಯಾರು ಫೋನ್ ಮಾಡಿ ವಿಚಾರಿಸುತ್ತಾರೆ? ಬರೆದದ್ದೇ ಸಾಕ್ಷಿಯಾಗುತ್ತದೆ.

ಫೈಟ್ ಪಕ್ಕದಲ್ಲಿ ಬರುವ ‘ವಿತ್’ ಇನ್ನೂ ಮೋಸದ್ದು. ಉರ್ದುವಿನಲ್ಲಿ ‘ಭಾಯಿ ಸೇ ಲಡಾ’ ಅಂದರೆ ಅಣ್ಣ ಎದುರಾಳಿ, ‘ಭಾಯಿ ಕೇ ಸಾಥ್ ಮಿಲ್ಕರ್ ಲಡಾ’ ಅಂದರೆ ಅಣ್ಣ ನಮ್ಮ ಕಡೆ. ಕನ್ನಡದಲ್ಲೂ ‘ವಿರುದ್ಧ’ ಅಂದರೆ ಒಂದು, ‘ಸೇರಿ’ ಅಂದರೆ ಇನ್ನೊಂದು. ಇಂಗ್ಲಿಷಿನ ವಿತ್ ಎರಡಕ್ಕೂ ನಡೆಯುತ್ತದೆ. ಇದಕ್ಕೆ ಉದಾಹರಣೆ ದೂರ ಹುಡುಕಬೇಕಿಲ್ಲ, ಮುದ್ದೇಬಿಹಾಳದವರ ಅಂಗಳದಲ್ಲೇ ಇದೆ. 1565ರ ಜನವರಿಯ ಯುದ್ಧವನ್ನು ತಾಳಿಕೋಟೆಯ ಹೆಸರಿನಿಂದಲೂ, ಕೃಷ್ಣಾ ದಂಡೆಯ ರಕ್ಕಸಗಿ-ತಂಗಡಗಿ ಹೆಸರಿನಿಂದಲೂ ಕರೆಯುತ್ತಾರೆ. ‘ಬಿಜಾಪುರ್ ಫಾಟ್ ವಿತ್ ವಿಜಯನಗರ’ ಎಂದು ಬರೆದು ನೋಡಿ. ಅಲಿ ಆದಿಲ್ ಷಾ ಆ ಯುದ್ಧದಲ್ಲಿ ರಾಮರಾಯನ ವಿರುದ್ಧ ನಿಂತಿದ್ದ, ಆದ್ದರಿಂದ ವಾಕ್ಯ ಸರಿ. ಅದಕ್ಕೆ ಕೆಲವೇ ವರ್ಷ ಮೊದಲು ಇದೇ ಅಲಿ ಆದಿಲ್ ಷಾ ರಾಮರಾಯನ ಜೊತೆಗೂಡಿ ಅಹ್ಮದ್‌ನಗರದ ಮೇಲೆ ಹೋಗಿದ್ದ, ಆಗಲೂ ವಾಕ್ಯ ಸರಿ! ಒಂದೇ ವಾಕ್ಯದಲ್ಲಿ ಸ್ನೇಹವೂ ಇದೆ, ಯುದ್ಧವೂ ಇದೆ. ಇತಿಹಾಸವನ್ನು ಬರೀ ‘ಇವರು ಅವರ ಮೇಲೆ’ ಎಂದು ಓದುವವರು ಈ ವಾಕ್ಯವನ್ನು ಎರಡು ಸಲ ಓದಬೇಕು ಎಂದು ನನಗೆ ಅನ್ನಿಸುತ್ತದೆ. ನಾವು ಬರೆಯುವಾಗಲಂತೂ ಎದುರಾಳಿಗೆ ‘ಅಗೇನ್ಸ್ಟ್’ ಹಾಕಿದರೆ ಗೊಂದಲ ಇಲ್ಲ. ಬೇಕಾದದ್ದಕ್ಕೆ ‘ಫಾರ್’. ಆಲಮಟ್ಟಿ ಹಿನ್ನೀರಿನಲ್ಲಿ ಹೊಲ ಕಳೆದುಕೊಂಡವರು ಪರಿಹಾರಕ್ಕೆ ಹೋರಾಡುವುದನ್ನು ಫೈಟ್ ಫಾರ್ ಅನ್ನಬಹುದು, ಅಲ್ಲಿ ಆ ಪದಕ್ಕೆ ತೂಕ ಇದೆ.

ಇನ್ನು ‘ಆರ್ಗ್ಯೂ’. ವಕೀಲರು ಕೋರ್ಟಿನಲ್ಲಿ ಮಾಡುವುದೂ ಆರ್ಗ್ಯೂ, ಊಟದ ತಟ್ಟೆ ಮುಂದೆ ತಮ್ಮ ಮಾಡುವುದೂ ಆರ್ಗ್ಯೂ. ಕಾರಣ ಕೊಟ್ಟು ವಾದಿಸುವುದು, ಎದುರು ಮಾತಾಡುವುದು, ಎರಡೂ ಒಂದೇ ಚೀಲದಲ್ಲಿವೆ. ‘ಡೋಂಟ್ ಆರ್ಗ್ಯೂ’ ಎಂದು ದೊಡ್ಡವರು ಹೇಳಿದಾಗ ಯಾವುದನ್ನು ನಿಲ್ಲಿಸಬೇಕು? ಹುಡುಗಿಯರಿಗೆ ಈ ಮಾತು ಇನ್ನೂ ಬೇಗ ಬರುತ್ತದೆ. ಅದೇ ಪ್ರಶ್ನೆಪತ್ರಿಕೆಯಲ್ಲಾದರೆ ‘ಕಾರಣ ಕೊಟ್ಟು ಸಮರ್ಥಿಸಿ’ ಎಂದು ಅಂಕ ಕೊಡುತ್ತಾರೆ. ಬಾಗೇವಾಡಿ ಬಸವಣ್ಣನವರು ಹುಟ್ಟಿದ ಊರು. ಅವರ ಕಾಲದ ಶರಣರನ್ನು ಶೂನ್ಯಸಂಪಾದನೆ ಮಾತುಕತೆಯಲ್ಲೇ ತೋರಿಸುತ್ತದೆ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮ ಕಠಿಣವಾಗಿ ಪ್ರಶ್ನಿಸುತ್ತಾನೆ, ಅವಳು ಒಂದೊಂದಕ್ಕೂ ಉತ್ತರ ಕೊಡುತ್ತಾಳೆ. ಅದನ್ನು ಯಾರೂ ಜಗಳ ಅಂದಿಲ್ಲ.

ಕಾಮರ್ಸ್‌ನವರಿಗೆ ಒಂದು ಮಾತು. ನಮ್ಮ ಪುಸ್ತಕಗಳಲ್ಲಿ ಬೇಕಾದ ಪದ ಇದೆ. 1947ರ ಕಾಯ್ದೆಯ ಹೆಸರು ಇಂಡಸ್ಟ್ರಿಯಲ್ ಡಿಸ್ಪ್ಯೂಟ್ಸ್ ಆ್ಯಕ್ಟ್ ಎಂದಿತ್ತು, ಫೈಟ್ಸ್ ಆ್ಯಕ್ಟ್ ಎಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಗ್ರಾಹಕ ಕಂಪ್ಲೇಂಟ್ ಕೊಡುತ್ತಾನೆ. ಬಿಲ್ಲಿನ ಮೊತ್ತ ಒಪ್ಪದಿದ್ದರೆ ‘ಐ ಡಿಸ್ಪ್ಯೂಟ್ ದಿಸ್ ಬಿಲ್’ ಎಂದರೆ ಸಾಕು, ಅಂಗಡಿಯವನ ಕೊರಳಪಟ್ಟಿ ಹಿಡಿಯಬೇಕಿಲ್ಲ.

ಪ್ರಾಚಾರ್ಯರಲ್ಲೂ ಉಪನ್ಯಾಸಕರಲ್ಲೂ ನನ್ನ ವಿನಂತಿ ಇಷ್ಟು: ವಿದ್ಯಾರ್ಥಿಗಳಿಂದ ವಿವರಣೆ ಪತ್ರ ಬರೆಸಿಕೊಳ್ಳುವಾಗ ಕನ್ನಡದಲ್ಲೋ ಉರ್ದುವಿನಲ್ಲೋ ಬರೆಯಲು ಬಿಡಿ. ಇಂಗ್ಲಿಷಿನಲ್ಲೇ ಬೇಕು ಅಂದರೆ, ಅದರಲ್ಲಿ ಫೈಟ್ ಎಂಬ ಪದ ಕಂಡ ಕೂಡಲೇ ಸಹಿ ಹಾಕುವ ಮೊದಲು ಅವನನ್ನು ಕರೆದು ಒಂದು ಮಾತು ಕೇಳಿ: ‘ಕೈ ಎತ್ತಿದೆಯೋ, ಮಾತು ಎತ್ತಿದೆಯೋ?’