ಎಲ್ಲಕ್ಕಿಂತ ನಿಧಾನದ ಕಾರು ಗೆದ್ದ ರೇಸು

ಕಳೆದ ತಿಂಗಳು ನಮ್ಮ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಒಂದು ಪಟ್ಟಿ ಹಾಕಿದರು. ಕ್ಯಾಂಪಸ್ ಸಂದರ್ಶನಕ್ಕೆ ಅರ್ಹರಾದವರ ಪಟ್ಟಿ ಅದು. ಅದರಲ್ಲಿ ನನ್ನ ಹೆಸರಿತ್ತು, ನನ್ನ ರೂಮ್‌ಮೇಟ್ ಹೆಸರಿರಲಿಲ್ಲ. ಅವನಿಗೆ ಎರಡನೇ ಸೆಮಿಸ್ಟರಿನ ಗಣಿತ ಇನ್ನೂ ಬಾಕಿ ಇದೆ. ಆದರೆ ನಮ್ಮ ವಿದ್ಯಾರ್ಥಿ ತಂಡ ಕಟ್ಟಿದ ಗಾಡಿಯಲ್ಲಿ ಯಾವ ಬೋಲ್ಟ್ ಎಷ್ಟು ಹೊತ್ತಿಗೆ ಸಡಿಲವಾಗುತ್ತದೆ ಎಂದು ಓಡಿಸುವ ಮೊದಲೇ ಹೇಳಬಲ್ಲವನು ಇಡೀ ಬ್ಯಾಚಿನಲ್ಲಿ ಅವನೊಬ್ಬನೇ. ಪಟ್ಟಿ ನೋಡಿ ಅವನು ನಕ್ಕು, ‘ಬಿಡೋ, ನಾವೆಲ್ಲ ಸ್ಲೋ ಗಾಡಿ’ ಅಂದ.

ಆ ಮಾತು ಕೇಳಿ ನನಗೆ ನೆನಪಾದದ್ದು ಅಮೆರಿಕದ ಒಂದು ರೇಸು. ಹೆಸರು ಸದರ್ನ್ 500. ದಕ್ಷಿಣ ಕೆರೊಲಿನಾ ರಾಜ್ಯದ ಡಾರ್ಲಿಂಗ್ಟನ್ ಎಂಬ ಸಣ್ಣ ಊರಿನಲ್ಲಿ 1950ರಿಂದ ನಡೆಯುತ್ತಿರುವ ಸ್ಟಾಕ್ ಕಾರ್ ರೇಸು. ಅದರ ಮೊದಲ ವರ್ಷದ ಕಥೆಯನ್ನು ಪ್ಲೇಸ್‌ಮೆಂಟ್ ಪಟ್ಟಿ ತಯಾರಿಸುವವರೂ ಆ ಪಟ್ಟಿಯಲ್ಲಿ ಹೆಸರಿಲ್ಲದವರೂ ಒಮ್ಮೆ ಓದಬೇಕು ಅನ್ನಿಸುತ್ತದೆ.

ಸ್ಟಾಕ್ ಕಾರ್ ಎಂದರೆ ಮೂಲದಲ್ಲಿ ಶೋರೂಮಿನಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಕಾರು. ಫಾರ್ಮುಲಾ ಒನ್‌ನಂತೆ ರೇಸಿಗಾಗಿಯೇ ಹುಟ್ಟಿದ್ದಲ್ಲ. ಇವತ್ತಿನ ನಾಸ್ಕಾರ್ ಕಾರುಗಳಿಗೆ ಶೋರೂಮಿನ ಜತೆ ಉಳಿದಿರುವ ನಂಟು ಹೊರಗಿನ ಆಕಾರದ್ದು ಮಾತ್ರ. ಆದರೆ 1950ರಲ್ಲಿ ಅವು ನಿಜಕ್ಕೂ ರಸ್ತೆಯ ಕಾರುಗಳೇ. ಓಡುತ್ತಿದ್ದದ್ದು ಬಹುಪಾಲು ಮಣ್ಣಿನ ಟ್ರ್ಯಾಕ್‌ಗಳಲ್ಲಿ.

ಕೊಳ ಉಳಿಸಿಕೊಂಡ ಟ್ರ್ಯಾಕ್

ಹೆರಾಲ್ಡ್ ಬ್ರಾಸಿಂಗ್ಟನ್ ಡಾರ್ಲಿಂಗ್ಟನ್ನಿನವನೇ. 1933ರಲ್ಲಿ ಇಂಡಿಯಾನಾಪೊಲಿಸ್ 500 ರೇಸನ್ನು ನೋಡಿ ಬಂದವನಿಗೆ ಅಂಥದ್ದೊಂದು ನಮ್ಮೂರಲ್ಲೂ ಯಾಕೆ ಆಗಬಾರದು ಎಂಬ ಹುಚ್ಚು ಹಿಡಿಯಿತು. ಆ ಹುಚ್ಚಿಗೆ ನೆಲ ಸಿಗಲು ಹದಿನಾರು ವರ್ಷ ಬೇಕಾಯಿತು. ಶರ್ಮನ್ ರ‍್ಯಾಮ್ಸಿ ಎಂಬ ರೈತನ ಸುಮಾರು 70 ಎಕರೆ ಹೊಲ ಸಿಕ್ಕಿದ್ದು 1949ರಲ್ಲಿ. ರೈತ ಹಾಕಿದ ಷರತ್ತು ಒಂದೇ: ತನ್ನ ಮೀನಿನ ಕೊಳವನ್ನು ಮುಟ್ಟಬಾರದು.

ಮಣ್ಣು ಅಗೆಯುವ ಯಂತ್ರಗಳು ಬ್ರಾಸಿಂಗ್ಟನ್ ಬಳಿ ಇದ್ದವು. ಕೊಳ ಮುಚ್ಚಿಸುವುದು ಒಂದು ದಿನದ ಕೆಲಸ. ಆದರೆ ಕೊಟ್ಟ ಮಾತು ಕೊಟ್ಟ ಮಾತೇ. ಕೊಳವಿದ್ದ ಕಡೆ ಟ್ರ್ಯಾಕಿನ ತಿರುವನ್ನು ಬಿಗಿ ಮಾಡಿದ, ಇನ್ನೊಂದು ಕಡೆ ಅಗಲವಾಗಿ ಬಿಟ್ಟ. ಹಾಗಾಗಿ ಉಳಿದ ಟ್ರ್ಯಾಕ್‌ಗಳಂತೆ ಸಮನಾದ ಅಂಡಾಕಾರ ಆಗಲಿಲ್ಲ. ನಿಜವಾದ ಕೋಳಿಮೊಟ್ಟೆಯ ಹಾಗೆ ಒಂದು ತುದಿ ಚೂಪು, ಇನ್ನೊಂದು ತುದಿ ದುಂಡಗೆ.

ಇದರ ಪರಿಣಾಮವೇನು? ಎರಡೂ ತುದಿಗಳ ತಿರುವಿಗೆ ಒಪ್ಪುವಂತೆ ಕಾರನ್ನು ಸಿದ್ಧಪಡಿಸಲು ಆಗುವುದಿಲ್ಲ. ಸ್ಪ್ರಿಂಗ್, ಟೈರಿನ ಗಾಳಿ, ಗೇರ್ ಒಂದು ತುದಿಗೆ ಸರಿಹೋದರೆ ಇನ್ನೊಂದು ತುದಿಗೆ ತಪ್ಪುತ್ತದೆ. ಪ್ರತಿ ಮೆಕ್ಯಾನಿಕ್ಕೂ ಎಲ್ಲೋ ಒಂದು ಕಡೆ ರಾಜಿ ಮಾಡಿಕೊಳ್ಳಲೇಬೇಕು. ಚಾಲಕರು ಗೋಡೆಗೆ ತೀರಾ ಹತ್ತಿರ ಓಡಿಸುವುದರಿಂದ ಕಾರಿನ ಬಲಬದಿ ಉಜ್ಜಿ ಬಣ್ಣ ಕಿತ್ತುಹೋಗುತ್ತದೆ. ಆ ಗುರುತಿಗೆ ‘ಡಾರ್ಲಿಂಗ್ಟನ್ ಸ್ಟ್ರೈಪ್’ ಎಂದೇ ಹೆಸರು. ‘ಪಳಗಿಸಲಾಗದ ಟ್ರ್ಯಾಕ್’ ಎಂಬ ಬಿರುದು ಕೂಡ ಇದಕ್ಕಿದೆ. ನಾವು ಡಿಸೈನ್ ವಿಷಯದಲ್ಲಿ ‘ಮಿತಿ’ ಎಂದು ಬರೆದು ಎರಡು ಅಂಕ ತೆಗೆದುಕೊಳ್ಳುವ ಸಂಗತಿ ಇಲ್ಲಿ ಒಂದು ರೇಸಿನ ಗುಣವನ್ನೇ ನಿರ್ಧರಿಸಿತು.

ಸೆಪ್ಟೆಂಬರ್ 4, 1950

ಲೇಬರ್ ಡೇ ರಜೆಯ ಸೋಮವಾರ ಮೊದಲ ರೇಸು. 75 ಕಾರುಗಳು, ಒಂದೊಂದು ಸಾಲಿನಲ್ಲಿ ಮೂರರಂತೆ 25 ಸಾಲು. ನೋಡಲು ಬಂದವರು ಸುಮಾರು 25,000 ಜನ. ಆಗ ಟ್ರ್ಯಾಕಿನ ಉದ್ದ ಒಂದೂಕಾಲು ಮೈಲಿ, ಅಂದರೆ ಎರಡು ಕಿಲೋಮೀಟರ್. ಅದನ್ನು 400 ಸಲ ಸುತ್ತಿದರೆ 500 ಮೈಲಿ. ನಾಸ್ಕಾರ್ ಅಷ್ಟು ದೂರದ ರೇಸನ್ನು ಅದುವರೆಗೆ ನಡೆಸಿಯೇ ಇರಲಿಲ್ಲ.

ಸಾಲಿನ ಮುಂದೆ ಕರ್ಟಿಸ್ ಟರ್ನರ್‌ನ ಓಲ್ಡ್ಸ್‌ಮೊಬೈಲ್. ರಾಕೆಟ್ ವಿ-8 ಎಂಜಿನ್ ಇದ್ದ ಆ ಕಾರು ಅಂದಿನ ಕಾಲಕ್ಕೆ ಭಾರಿ ಶಕ್ತಿಶಾಲಿ. ಭಾರದ ಕ್ಯಾಡಿಲಾಕ್‌ಗಳೂ ಇದ್ದವು. ಇವುಗಳ ಹಿಂದೆ ಎಲ್ಲೋ 43ನೇ ಜಾಗದಲ್ಲಿ ಕ್ಯಾಲಿಫೋರ್ನಿಯಾದ ಜಾನಿ ಮಾಂಟ್ಸ್. ಅವನದು ಆರು ಸಿಲಿಂಡರಿನ ಒಂದು ಸಾಧಾರಣ ಪ್ಲಿಮತ್. ಅರ್ಹತಾ ಓಟವನ್ನು ಹಲವು ದಿನ ನಡೆಸಿ, ದಿನದ ಲೆಕ್ಕದಲ್ಲಿ ಜಾಗ ಹಂಚಿದ್ದರಿಂದ ಅವನಿಗೆ 43ನೇ ಸ್ಥಾನ ಸಿಕ್ಕಿತ್ತು. ವೇಗದ ಲೆಕ್ಕ ಹಿಡಿದರೆ 75 ಕಾರುಗಳಲ್ಲಿ ಅತಿ ನಿಧಾನದ್ದು ಅವನದೇ.

ರೇಸು ಶುರುವಾಗುತ್ತಿದ್ದಂತೆ ವೇಗದ ಕಾರುಗಳು ಟೈರ್ ಸಿಡಿಸಿಕೊಂಡು ಒಂದೊಂದಾಗಿ ಪಿಟ್‌ಗೆ ಬರತೊಡಗಿದವು. ಹೊಸ ಡಾಂಬರು ಉಪ್ಪುಕಾಗದದಂತೆ ರಬ್ಬರನ್ನು ತಿನ್ನುತ್ತಿತ್ತು. ತಂದಿದ್ದ ಟೈರುಗಳು ಮುಗಿದಾಗ ಕೆಲವು ತಂಡದವರು ಟ್ರ್ಯಾಕಿನ ಒಳಗೆ ನಿಂತಿದ್ದ ಪ್ರೇಕ್ಷಕರ ಕಾರುಗಳಿಂದಲೇ ಟೈರ್ ಬಿಚ್ಚಿ ತಂದರು ಎಂಬ ಕಥೆಯನ್ನು ಅಲ್ಲಿನವರು ಇಂದಿಗೂ ಹೇಳುತ್ತಾರೆ.

ಮಾಂಟ್ಸ್ ಮಾತ್ರ ಓಡುತ್ತಲೇ ಇದ್ದ. ಅವನ ಕಾರಿಗೆ ಹಾಕಿದ್ದು ಲಾರಿಗೆ ಬಳಸುವಂಥ ಗಟ್ಟಿ ರಬ್ಬರಿನ ಟೈರು. 50ನೇ ಸುತ್ತಿನಲ್ಲಿ ಮುಂದೆ ಬಂದವನು ಕೊನೆಯವರೆಗೂ ಜಾಗ ಬಿಟ್ಟುಕೊಡಲಿಲ್ಲ. ಆರೂವರೆ ಗಂಟೆಗೂ ಹೆಚ್ಚು ಹೊತ್ತು ನಡೆದ ರೇಸಿನಲ್ಲಿ ಅವನ ಸರಾಸರಿ ವೇಗ ಗಂಟೆಗೆ 75.25 ಮೈಲಿ, ಸುಮಾರು 121 ಕಿಲೋಮೀಟರ್. ಎರಡನೇ ಸ್ಥಾನದ ಫೈರ್‌ಬಾಲ್ ರಾಬರ್ಟ್ಸ್ ಒಂಬತ್ತು ಸುತ್ತು ಹಿಂದೆ. ಬಹುಮಾನ 10,510 ಡಾಲರ್.

ಆಮೆ-ಮೊಲದ ಕಥೆಯಲ್ಲ

ಇದನ್ನು ಕೇಳಿದ ಕೂಡಲೇ ಎಲ್ಲರೂ ಹೇಳುವುದು ಆಮೆ-ಮೊಲದ ಕಥೆ. ನನ್ನ ತಕರಾರು ಇರುವುದು ಅಲ್ಲೇ. ಡಾರ್ಲಿಂಗ್ಟನ್ನಿನಲ್ಲಿ ಯಾವ ಮೊಲವೂ ಮರದಡಿ ಮಲಗಲಿಲ್ಲ. ಎಲ್ಲರೂ ಜೀವ ಒತ್ತೆಯಿಟ್ಟು ಓಡಿದರು. ಸೋತದ್ದೂ ಅದರಿಂದಲೇ. ತಿರುವಿನಲ್ಲಿ ಟೈರಿನ ಮೇಲೆ ಬೀಳುವ ಅಡ್ಡಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಹತ್ತು ಪರ್ಸೆಂಟ್ ಹೆಚ್ಚಿದರೆ ಬಲ ಇಪ್ಪತ್ತೊಂದು ಪರ್ಸೆಂಟ್ ಹೆಚ್ಚು. ಕಾರಿನ ತೂಕ ಜಾಸ್ತಿಯಿದ್ದರೆ ಅದೂ ಸೇರುತ್ತದೆ. ಇದು ನಮಗೆ ಪಿಯುಸಿಯಲ್ಲೇ ಗೊತ್ತಿರುವ ಸೂತ್ರ.

ಮಾಂಟ್ಸ್ ಕೂಡ ಸುಮ್ಮನೆ ನಿಧಾನ ಓಡಿಸಿದವನಲ್ಲ. 1948 ಮತ್ತು 1949ರಲ್ಲಿ ಇಂಡಿಯಾನಾಪೊಲಿಸ್ 500ರಲ್ಲಿ ಓಡಿಸಿದ ಅನುಭವ ಅವನಿಗಿತ್ತು. ಗಟ್ಟಿ ನೆಲದ ಮೇಲೆ 500 ಮೈಲಿ ಓಡಿದರೆ ಮೊದಲು ಸಾಯುವುದು ಟೈರು ಎಂದು ಅವನಿಗೆ ಗೊತ್ತಿತ್ತು. ಮಣ್ಣಿನ ಟ್ರ್ಯಾಕಿನಿಂದ ಬಂದ ಬಹುತೇಕರಿಗೆ ಅದು ಹೊಸದು. ಅಂದರೆ ಗೆದ್ದದ್ದು ನಿಧಾನವಲ್ಲ, ಯಾವ ಭಾಗ ಮೊದಲು ಕೈಕೊಡುತ್ತದೆ ಎಂಬ ತಿಳಿವಳಿಕೆ. ಅರ್ಹತಾ ಓಟದ ಗಡಿಯಾರ ಆ ತಿಳಿವಳಿಕೆಯನ್ನು ಅಳೆಯಲಿಲ್ಲ. ಅಳೆಯಲು ಅದಕ್ಕೆ ಸಾಧ್ಯವೂ ಇರಲಿಲ್ಲ.

ಮುಂದಿನ ವರ್ಷಗಳಲ್ಲೂ ಈ ರೇಸು ಇದೇ ಪಾಠವನ್ನು ಮತ್ತೆ ಮತ್ತೆ ಹೇಳಿದೆ. 1965ರಲ್ಲಿ ಮುಂದಿದ್ದ ಫ್ರೆಡ್ ಲೊರೆಂಜನ್ ಮತ್ತು ಡ್ಯಾರೆಲ್ ಡೀರಿಂಗರ್ ಇಬ್ಬರ ಕಾರುಗಳೂ ಕೊನೆಯ ಹಂತದಲ್ಲಿ ಕೆಟ್ಟವು. ತನ್ನ ಎಂಜಿನ್ನೂ ಬಿಸಿಯೇರುತ್ತಿದ್ದರೂ ಅದನ್ನು ಜೋಪಾನವಾಗಿ ನಡೆಸಿದ ನೆಡ್ ಜ್ಯಾರೆಟ್ 14 ಸುತ್ತುಗಳ ಅಂತರದಲ್ಲಿ ಗೆದ್ದ. ನಾಸ್ಕಾರ್‌ನ ಪ್ರಮುಖ ಸರಣಿಯಲ್ಲಿ ದೂರದ ಲೆಕ್ಕದಲ್ಲಿ ಅಷ್ಟು ದೊಡ್ಡ ಗೆಲುವು ಮತ್ತೊಂದಿಲ್ಲ. 1985ರಲ್ಲಿ ಬಿಲ್ ಎಲಿಯಟ್‌ಗೆ ಇಲ್ಲಿ ಗೆದ್ದರೆ ಹತ್ತು ಲಕ್ಷ ಡಾಲರ್ ವಿಶೇಷ ಬಹುಮಾನ ಕಾದಿತ್ತು. ಎದುರಿಗೇ ಡೇಲ್ ಅರ್ನ್‌ಹಾರ್ಟ್‌ನ ಕಾರು ಗಿರಕಿ ಹೊಡೆಯಿತು, ಕೇಲ್ ಯಾರ್ಬರೋನ ಪವರ್ ಸ್ಟೀರಿಂಗ್ ಕೆಟ್ಟಿತು. ಎರಡರಿಂದಲೂ ತಪ್ಪಿಸಿಕೊಂಡು ಎಲಿಯಟ್ ಗೆದ್ದ.

ಆ ಯಾರ್ಬರೋ ಅದೇ ಸೀಮೆಯ ಹಳ್ಳಿ ಹುಡುಗ. ಚಿಕ್ಕವನಿದ್ದಾಗ ಟಿಕೆಟ್ ಇಲ್ಲದೆ ಬೇಲಿಯಡಿ ನುಸುಳಿ ಈ ರೇಸನ್ನು ನೋಡಿದವನು. ಮುಂದೆ ಅದನ್ನೇ ಐದು ಸಲ ಗೆದ್ದ. ಗೇಟಿನಲ್ಲಿ ತಡೆದು ಮನೆಗೆ ಕಳಿಸಿದ್ದರೆ ಏನಾಗುತ್ತಿತ್ತು ಎಂದು ನಾನು ಆಗಾಗ ಯೋಚಿಸುತ್ತೇನೆ.

ಈ ಇತಿಹಾಸದಲ್ಲಿ ಬರೀ ಹೂಮಾಲೆಗಳಿಲ್ಲ. 1960ರಲ್ಲಿ ಪಿಟ್‌ನಲ್ಲಿ ನಡೆದ ಅಪಘಾತಕ್ಕೆ ಇಬ್ಬರು ಮೆಕ್ಯಾನಿಕ್‌ಗಳು ಮತ್ತು ಒಬ್ಬ ಅಧಿಕಾರಿ ಬಲಿಯಾದರು. ಜ್ಯಾರೆಟ್ ಗೆದ್ದ 1965ರ ಅದೇ ರೇಸಿನಲ್ಲಿ ಗಾಯಗೊಂಡ ಹೊಸ ಚಾಲಕ ಬ್ಯೂರೆನ್ ಸ್ಕೀನ್ ಕೆಲ ದಿನಗಳ ಬಳಿಕ ತೀರಿಕೊಂಡ. 75 ಕಾರುಗಳನ್ನು ಒಟ್ಟಿಗೆ ಬಿಡುವುದು ಈಗ ಯಾರೂ ಒಪ್ಪುವ ಮಾತಲ್ಲ. ಈಗಿನ ಮಿತಿ 40.

ಹೋದ ದಿನ, ಮರಳಿದ ದಿನ

ಒಂದು ಕಾಲದಲ್ಲಿ ಈ ರೇಸನ್ನೇ ‘ಅನರ್ಹ’ ಎಂದು ಬದಿಗೆ ಸರಿಸಿದ್ದರು. ಐವತ್ತಕ್ಕೂ ಹೆಚ್ಚು ವರ್ಷ ಲೇಬರ್ ಡೇ ವಾರಾಂತ್ಯ ಅಂದರೆ ಡಾರ್ಲಿಂಗ್ಟನ್. ಆದರೆ ದೊಡ್ಡ ನಗರ, ದೊಡ್ಡ ಮಾರುಕಟ್ಟೆ ಬೇಕೆಂದು 2004ರಲ್ಲಿ ಆ ದಿನವನ್ನು ಕ್ಯಾಲಿಫೋರ್ನಿಯಾದ ಟ್ರ್ಯಾಕಿಗೆ ಕೊಟ್ಟರು. ಸದರ್ನ್ 500 ಆ ವರ್ಷ ನವೆಂಬರಿಗೆ ಹೋಯಿತು. ಮರುವರ್ಷ ಡಾರ್ಲಿಂಗ್ಟನ್‌ಗೆ ಉಳಿದದ್ದು ಒಂದೇ ರೇಸು, ಅದಕ್ಕೆ ಹಳೆಯ ಹೆಸರೂ ಇರಲಿಲ್ಲ.

ಸಣ್ಣ ಊರಿನ ಹಳೆಯ ಟ್ರ್ಯಾಕ್ ಅಲ್ಲಿಗೆ ಮುಗಿಯಿತು ಎಂದುಕೊಂಡವರೇ ಹೆಚ್ಚು. ಮುಗಿಯಲಿಲ್ಲ. 2009ರಲ್ಲಿ ಹೆಸರು ಮರಳಿತು, 2015ರಲ್ಲಿ ಲೇಬರ್ ಡೇ ವಾರಾಂತ್ಯವೂ ಮರಳಿತು. ಆ ವರ್ಷ ತಂಡಗಳು ಹಳೆಯ ಕಾಲದ ಬಣ್ಣಗಳನ್ನು ಬಳಿದುಕೊಂಡು ಓಡಿದವು. ಕೋವಿಡ್‌ನಿಂದ ನಿಂತಿದ್ದ ನಾಸ್ಕಾರ್ 2020ರ ಮೇ 17ರಂದು ಮತ್ತೆ ಶುರುವಾದದ್ದು, ಪ್ರೇಕ್ಷಕರಿಲ್ಲದೆ, ಇದೇ ಡಾರ್ಲಿಂಗ್ಟನ್ನಿನಲ್ಲಿ. ಇಂದು ಟ್ರ್ಯಾಕಿನ ಉದ್ದ 1.366 ಮೈಲಿ, 500 ಮೈಲಿಗೆ 367 ಸುತ್ತು. ಹಲವು ಸಲ ಬದಲಾದರೂ ಮೊಟ್ಟೆಯ ಆಕಾರ ಹಾಗೇ ಇದೆ.

ಗೆರೆಯ ಮೇಲೆ ನಿಲ್ಲಲು ಬಿಡಿ

ಈಗ ನಮ್ಮ ನೋಟಿಸ್ ಬೋರ್ಡಿಗೆ ಬರೋಣ. ಕಂಪನಿಗಳಿಗೆ ಸಾವಿರ ಅರ್ಜಿ ಬರುತ್ತವೆ, ಎಲ್ಲರನ್ನೂ ಕೂರಿಸಿ ಮಾತನಾಡಿಸಲು ಆಗುವುದಿಲ್ಲ, ಎಲ್ಲೋ ಒಂದು ಗೆರೆ ಎಳೆಯಲೇಬೇಕು. ಒಪ್ಪುತ್ತೇನೆ. ಡಾರ್ಲಿಂಗ್ಟನ್ ಕೂಡ ಕಾರುಗಳ ಸಂಖ್ಯೆ ಇಳಿಸಿತು. ನನ್ನ ಪ್ರಶ್ನೆ ಬೇರೆ. ಗೆರೆ ಎಳೆಯಲು ಬಳಸುವ ಅಳತೆಗೋಲು ಮುಂದಿನ ಓಟಕ್ಕೆ ಸಂಬಂಧಿಸಿದ್ದೇ? ಮೂರು ಗಂಟೆಯ ಪರೀಕ್ಷೆ ಒಂದು ಲ್ಯಾಪ್ ಇದ್ದ ಹಾಗೆ. ಕೆಲಸ 500 ಮೈಲಿ. ಒಂದು ಲ್ಯಾಪಿನ ಗಡಿಯಾರ ನೋಡಿ ‘ಬಾಕಿ ವಿಷಯ ಇದ್ದವರು ಬರಬೇಡಿ’ ಎಂದರೆ, ಲಾರಿ ಟೈರು ಹಾಕಿಕೊಂಡು ಬಂದವನು ಗೇಟಿನ ಹೊರಗೇ ಉಳಿಯುತ್ತಾನೆ.

ಅಂಕದ ಜತೆಗೆ ಒಂದು ಗಂಟೆಯ ಕೈಕೆಲಸದ ಪರೀಕ್ಷೆ ಇಡಿ. ಕೆಟ್ಟ ಯಂತ್ರವೊಂದನ್ನು ಮುಂದಿಟ್ಟು ಯಾಕೆ ಕೆಟ್ಟಿತು ಎಂದು ಕೇಳಿ. ಪ್ರಾಜೆಕ್ಟ್ ವರದಿಯ ಬೈಂಡಿಂಗ್ ನೋಡುವ ಬದಲು, ಅದರಲ್ಲಿ ಸೋತದ್ದು ಯಾವ ಭಾಗ ಎಂದು ವಿಚಾರಿಸಿ. ಕಾಲೇಜುಗಳು ಮನಸ್ಸು ಮಾಡಿದರೆ ಕಂಪನಿಗಳ ಮುಂದೆ ಇಷ್ಟನ್ನು ಕೇಳುವುದು ದೊಡ್ಡ ಮಾತಲ್ಲ.

ನನ್ನಂತೆ ಪಟ್ಟಿಯಲ್ಲಿ ಹೆಸರಿರುವವರಿಗೂ ಒಂದು ಮಾತು. 43ನೇ ಜಾಗದವನು ಗೆದ್ದ ದಿನ ಮೊದಲ ಸಾಲಿನಲ್ಲಿ ನಿಂತವರೂ ಇದ್ದರು. ನಮ್ಮ ತಂಡದ ಗಾಡಿ ಹೋದ ವರ್ಷ ಸಹಿಷ್ಣುತೆಯ ಓಟದ ಎರಡನೇ ಗಂಟೆಯಲ್ಲಿ ನಿಂತುಹೋಯಿತು. ತೂಕ ಉಳಿಸಲು ನಾನು ಸ್ಟೀರಿಂಗ್‌ನ ಟೈ ರಾಡ್ ಸಣ್ಣದು ಮಾಡಿಸಿದ್ದೆ. ಅದೇ ಮುರಿಯಿತು. ‘ಇದು ತಡೆಯಲ್ಲ ಕಣೋ’ ಎಂದು ನನ್ನ ರೂಮ್‌ಮೇಟ್ ಎರಡು ಸಲ ಹೇಳಿದ್ದ. ನನ್ನ ಅಂಕ ಅವನಿಗಿಂತ ಹೆಚ್ಚಿದ್ದರಿಂದ ತಂಡ ಕೇಳಿದ್ದು ನನ್ನ ಮಾತನ್ನು.

ಈ ಸಲ ಟೈ ರಾಡ್ ಅವನ ಲೆಕ್ಕದ ಪ್ರಕಾರ ಮಾಡಿಸುತ್ತಿದ್ದೇವೆ. ರಾತ್ರಿ ಊಟವಾದ ಮೇಲೆ ನಾನು ಅವನಿಗೆ ಎರಡನೇ ಸೆಮಿಸ್ಟರಿನ ಗಣಿತ ಹೇಳಿಕೊಡುತ್ತಿದ್ದೇನೆ. ಪರೀಕ್ಷೆಗೆ ಇನ್ನು ಐದು ವಾರ ಇದೆ.