ನೆರೆಮನೆಯ ತೇರ್ಸ್

ಮುಂಬಯಿಯ ಸಾಂತಾಕ್ರೂಜ್, ಅಂಧೇರಿಗಳ ಕಡೆ ಬಿಡಾರ ಹೂಡಿರುವ ವಾಚಕರಿಗೆ ತೇರ್ಸ್ ಎಂಬ ಮಾತು ಅಪರಿಚಿತವಾಗಿರಲಾರದು. ಜಪಸರದ ಪ್ರಾರ್ಥನೆಗೆ ಮಂಗಳೂರಿನ ಕೊಂಕಣಿ ಕ್ರೈಸ್ತ ಬಂಧುಗಳು ಇಟ್ಟ ಹೆಸರು ಅದು. ದಿನದ ತೇರ್ಸ್ ಅವರವರ ಮನೆಯದು. ನಾವು ಹೇಳಹೊರಟಿರುವುದು ತಿಂಗಳಿಗೊಮ್ಮೆ, ಮೊದಲ ಶನಿವಾರ ಸಂಜೆ, ಇಗರ್ಜಿಯ ವಾರ್ಡಿನವರೆಲ್ಲ ಒಂದೊಂದು ಸಲ ಒಂದೊಂದು ಮನೆಯಲ್ಲಿ ಕೂಡಿ ಲೋಕದ ಶಾಂತಿಗೆಂದು ಮಾಡುವ ಜಪದ ವಿಷಯ. ನಾವು ಬೇರೆ ಮತದವರು. ಆದರೂ ನೆರೆಯವರು ಕರೆದರೆ ಹೋಗಿ ಮೂಲೆಯಲ್ಲಿ ಕುಳಿತುಕೊಳ್ಳುತ್ತೇವೆ. ಕೊನೆಗೆ ಬರುವ ಚಹಾ ತಿಂಡಿಗಾಗಿಯೇ ಹೋಗುತ್ತೇವೆಂಬುದು ನಮ್ಮ ಮನೆಯವರ ಆರೋಪ. ಅದು ಪೂರ್ತಿ ಸುಳ್ಳಲ್ಲ.

ನಮ್ಮ ಜಪಮಾಲೆಗೆ ನೂರೆಂಟು ಮಣಿಯಾದರೆ ಅವರದರಲ್ಲಿ ಹತ್ತು ಹತ್ತರ ಐದು ಗುಂಪುಗಳು, ನಡುನಡುವೆ ಒಂದೊಂದು ಬಿಡಿಮಣಿ. ಬೈಬಲಿನ ನೂರೈವತ್ತು ಕೀರ್ತನೆಗಳನ್ನು ಓದಲಾರದ ಸಾಮಾನ್ಯ ಜನ ಅಷ್ಟೇ ಸಲ ಮರಿಯಮ್ಮನ ಜಪ ಮಾಡುತ್ತಿದ್ದುದು ಇದರ ಮೂಲವೆನ್ನುತ್ತಾರೆ. ಒಂದು ಸುತ್ತು ಮುಗಿಯಲು ಇಪ್ಪತ್ತು ನಿಮಿಷ ಸಾಕು.

“ಒಂದೇ ಮಾತನ್ನು ಐವತ್ತು ಸಲ ಹೇಳಿದರೆ ಎಲ್ಲಿಯದೋ ಯುದ್ಧ ನಿಲ್ಲುತ್ತದೆಯೇನ್ರೀ?” ಎಂದು ನಮ್ಮ ಕಚೇರಿಯ ಮಿತ್ರರೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಇನ್ನೊಂದು ವಿಚಿತ್ರವನ್ನೂ ನೋಡಿ: ಜಪಸರದ ಹಬ್ಬ ಬರುವುದು ಅಕ್ಟೋಬರ್ ೭ರಂದು. ೧೫೭೧ರಲ್ಲಿ ಅದೇ ದಿನ ಲೇಪಾಂತೊ ಎಂಬಲ್ಲಿ ತುರ್ಕರ ನೌಕಾಪಡೆ ಸೋತ ನೆನಪಿಗೆ ಹುಟ್ಟಿದ ಹಬ್ಬ ಅದು! ಕಾಳಗದ ಗೆಲುವಿನಿಂದ ಶಾಂತಿಯ ಕಡೆಗೆ ಈ ಮಣಿಸರ ತಿರುಗಲು ಬಹುಕಾಲ ಹಿಡಿಯಿತು. ೧೯೧೭ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಪೋರ್ಚುಗಲ್ಲಿನ ಫಾತಿಮಾದಲ್ಲಿ ಕುರಿ ಕಾಯುತ್ತಿದ್ದ ಮೂವರು ಮಕ್ಕಳು, ಯುದ್ಧ ಮುಗಿಯಲು ನಿತ್ಯವೂ ಜಪಸರ ಹೇಳಿರೆಂದು ಮಾತೆ ತಮಗೆ ತಿಳಿಸಿದಳೆಂದರು. ಮೊದಲ ಶನಿವಾರದ ರೂಢಿ ಬಲವಾದುದೂ ಫಾತಿಮಾದ ಭಕ್ತಿಯಿಂದಲೇ. ವಿಯೆಟ್ನಾಮ್ ಉರಿಯುತ್ತಿದ್ದಾಗ, ೧೯೬೬ರಲ್ಲಿ, ಆರನೆಯ ಪಾಲ್ ಪೋಪರು ಅಕ್ಟೋಬರ್ ತಿಂಗಳಿಡೀ ಶಾಂತಿಗಾಗಿ ಜಪಸರ ಹೇಳಲು ಕರೆಯಿತ್ತರು. ೨೦೨೫ರ ಅಕ್ಟೋಬರಿನಲ್ಲಿ ಹದಿನಾಲ್ಕನೆಯ ಲಿಯೋ ಪೋಪರೂ ಅದನ್ನೇ ಕೇಳಿದರು. ಈ ನಡುವೆ ನಿಂತ ಯುದ್ಧಗಳೂ ಉಂಟು, ಹೊಸದಾಗಿ ಹತ್ತಿಕೊಂಡವೂ ಉಂಟು. ಆದುದರಿಂದ ಮಿತ್ರರಿಗೆ ಉತ್ತರ ಕೊಡುವ ಸಾಹಸ ನಾವು ಮಾಡಲಿಲ್ಲ.

ನಮ್ಮ ಕಣ್ಣಿಗೆ ಬಿದ್ದುದು ಬೇರೊಂದು. ಕೂಟದಲ್ಲಿ ಈ ಜಪವನ್ನು ಯಾರೂ ಒಬ್ಬರೇ ಪೂರ್ತಿ ಹೇಳುವುದಿಲ್ಲ. ಮುಂದಾಳು ಅರ್ಧ ಹೇಳಿ ನಿಲ್ಲಿಸಬೇಕು. ಉಳಿದವರು ಮಿಕ್ಕರ್ಧವನ್ನು ಹೇಳಿ ಮುಗಿಸಬೇಕು. ಹೀಗೆ ಪ್ರತಿಯೊಂದು ಮಣಿಗೂ. ನಮ್ಮ ಕಟ್ಟಡದ ಎರಡು ಮನೆಗಳವರಿಗೆ ಮೇಲಿನ ಬಚ್ಚಲಿನ ನೀರು ಕೆಳಗಿನ ಅಡಿಗೆಮನೆಗೆ ಸೋರುವ ವಿಷಯದಲ್ಲಿ ಒಂದು ವರ್ಷದಿಂದ ಮಾತಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಗೋಡೆ ನೋಡುತ್ತಾರೆ. ಆ ಶನಿವಾರ ಮೇಲಿನ ಮನೆಯಾಕೆಗೆ ಮುಂದಾಳುತನ ಬಂತು. ಕೆಳಗಿನ ಮನೆಯವರು ಮೊದಲ ಹತ್ತು ಮಣಿಗಳಿಗೆ ತುಟಿ ಬಿಚ್ಚಲಿಲ್ಲ. ಎರಡನೆಯ ಹತ್ತರಲ್ಲಿ ಅವರ ಮಗಳು ದನಿಗೂಡಿಸಿದಳು. ಮೂರನೆಯದರಲ್ಲಿ ಅವರೇ, ಮೆಲ್ಲಗೆ. ಬಚ್ಚಲು ಇನ್ನೂ ಸೋರುತ್ತಿದೆ. ಆದರೆ ಕೊಳಾಯಿ ಕೆಲಸದವನಿಗೆ ಕೊಡಬೇಕಾದ ಹಣದ ಮಾತು ಈಗ ಕಾಗದದಲ್ಲಲ್ಲ, ಬಾಯಲ್ಲಿ ನಡೆಯುತ್ತಿದೆ.

ಇನ್ನು ಲೋಕಶಾಂತಿಯೆಂಬುದು ಈ ಜನಕ್ಕೆ ಭಾಷಣದ ಮಾತಲ್ಲ. ಇವರಲ್ಲಿ ಕೊಲ್ಲಿ ನಾಡಿಗೆ ಮಗನನ್ನೋ ಅಳಿಯನನ್ನೋ ಕಳಿಸದ ಮನೆ ಅಪರೂಪ. ೧೯೯೦ರ ಆಗಸ್ಟಿನಲ್ಲಿ ಇರಾಕ್ ಕುವೈತನ್ನು ನುಂಗಿದಾಗ ಸುಮಾರು ೧,೭೦,೦೦೦ ಭಾರತೀಯರನ್ನು ವಿಮಾನಗಳಲ್ಲಿ ಹಿಂದಕ್ಕೆ ಕರೆತರಬೇಕಾಯಿತು. ಉಟ್ಟ ಬಟ್ಟೆಯಲ್ಲಿ ಬಂದಿಳಿದವರ ಕಥೆಯನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ೨೦೨೩ರ ಕೊನೆಗೆ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಮತ್ತೆ ಕೆಲವು ಮನೆಗಳಲ್ಲಿ ನಿದ್ದೆ ಹೋಯಿತು.

ಜಪಕ್ಕೆ ಮೊದಲು, ಯಾರಿಗಾಗಿ ಬೇಡಬೇಕೆಂದು ಒಬ್ಬೊಬ್ಬರನ್ನೂ ಕೇಳುವ ಪದ್ಧತಿಯುಂಟು. ಉಕ್ರೇನ್, ಗಾಜಾ ಎಂದೆಲ್ಲ ಹೆಸರುಗಳು ಬಂದವು. ಸರದಿ ತಮ್ಮದಾದಾಗ ಒಬ್ಬ ಅಜ್ಜಿ ದೇಶದ ಹೆಸರೇನೂ ಹೇಳಲಿಲ್ಲ. ಹಡಗಿನಲ್ಲಿ ಕೆಲಸಕ್ಕಿರುವ ಮೊಮ್ಮಗನ ಹೆಸರು ಹೇಳಿ, ಅವನ ಹಡಗು ಎಂದು ದಡ ಸೇರುತ್ತದೆಂಬ ತಾರೀಖನ್ನೂ ಹೇಳಿ, ಮಣಿ ಹಿಡಿದುಕೊಂಡರು.