ಯಾರನ್ನು ಬೀನ್ ಎನ್ನುತ್ತೀರಿ?

ಓದಿನಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಇಡುವ ಹೆಸರುಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ. ನಾವು ಓದುವಾಗ ಮೊದ್ದು, ಪೆದ್ದ, ಕೋಣ ಎಂಬುವಿದ್ದವು. ಆಮೇಲೆ ಮನೆಮನೆಗೆ ಟಿವಿ ಬಂತು, ಜೊತೆಗೆ 'ಮಿಸ್ಟರ್ ಬೀನ್' ಬಂದ. ಹಿಂದೆ ನಾನಿದ್ದ ಶಾಲೆಯೊಂದರಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬನನ್ನು ವರ್ಷವಿಡೀ ಹಾಗೆಯೇ ಕರೆದರು. ಸುಳ್ಳೇಕೆ ಹೇಳಲಿ, ಒಂದು ದಿನ ಹಾಜರಿ ಕರೆಯುವಾಗ ನನ್ನ ಬಾಯಿಂದಲೂ ಅದೇ ಬಂತು. ತರಗತಿಯೆಲ್ಲ ಗೊಳ್ಳೆಂದಿತು. ಅವನೂ ನಕ್ಕ. ಅವನೇ ನಕ್ಕ ಮೇಲೆ ಇನ್ನೇನು ಎಂದು ನಾನೂ ಸುಮ್ಮನಾದೆ.

"ಪ್ರೀತಿಯಿಂದ ಕರೆಯೋದು ಕಣ್ರೀ, ನೀವೊಬ್ರು!" ಎನ್ನುತ್ತಾರೆ. ಹೆತ್ತ ತಾಯಂದಿರೂ ನಾಲ್ಕು ಜನರೆದುರು "ನಮ್ಮನೆ ಬೀನು" ಎಂದು ಮಗನನ್ನು ತೋರಿಸುತ್ತಾರೆ. ಇವರೆಲ್ಲ ಆ ಬೀನನನ್ನು ಕಣ್ಣುಬಿಟ್ಟು ನೋಡಿದ್ದಾರೆಯೆ ಎಂಬುದೇ ನನ್ನ ಅನುಮಾನ.

ಮೊಟ್ಟಮೊದಲ ಕಂತು ಬ್ರಿಟನ್ನಿನ ಐಟಿವಿಯಲ್ಲಿ ಪ್ರಸಾರವಾದದ್ದು 1990ರ ಜನವರಿ 1ರಂದು. ಅದು ಶುರುವಾಗುವುದೇ ಪರೀಕ್ಷೆಯ ಕೊಠಡಿಯಲ್ಲಿ. ಬೀನ್ ಮೇಜಿನ ಮೇಲೆ ರಾಶಿ ಪೆನ್ನು ಜೋಡಿಸುತ್ತಾನೆ, ಆಟದ ಬೊಂಬೆಗಳನ್ನೂ ಇಡುತ್ತಾನೆ. (ನಮ್ಮ ಮಕ್ಕಳು ಕಂಪಾಸ್ ಪೆಟ್ಟಿಗೆಯಲ್ಲಿ ದೇವರ ಪಟ ಇಟ್ಟುಕೊಳ್ಳುವುದಿಲ್ಲವೆ, ಹಾಗೆ.) ಅವನು ಓದಿಕೊಂಡು ಬಂದಿರುವುದು ತ್ರಿಕೋನಮಿತಿ. ಲಕೋಟೆಯಿಂದ ತೆಗೆದರೆ ಕೈಗೆ ಬಂದದ್ದು ಕ್ಯಾಲ್ಕ್ಯುಲಸ್! ಅಲ್ಲಿಂದ ಪಕ್ಕದವನ ಉತ್ತರ ನೋಡಲು ಅವನು ಪಡುವ ಪಾಡು ನೋಡಿ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತೇವೆ. ಕೊನೆಗೆ, ಹೊತ್ತು ಮುಗಿದ ಮೇಲೆ, ಮೇಲ್ವಿಚಾರಕರ ಮಾತು ಕೇಳಿ ಲಕೋಟೆಯೊಳಗೆ ನೋಡುತ್ತಾನೆ. ತ್ರಿಕೋನಮಿತಿಯ ಪ್ರಶ್ನೆಪತ್ರಿಕೆ ಅದರೊಳಗೇ ಇದೆ!

ಅವನಿಗೆ ಗೊತ್ತಿದ್ದ ಪಾಠ ಅಷ್ಟು ಹೊತ್ತೂ ಅವನ ಮೇಜಿನ ಮೇಲೆಯೇ ಇತ್ತು. ಗಾಬರಿಯಲ್ಲಿ ಅವನು ನೋಡಲಿಲ್ಲ. ಇದು ದಡ್ಡತನವೆ? ಮೂವತ್ತು ವರ್ಷ ಪರೀಕ್ಷೆಯ ಕೊಠಡಿಗಳಲ್ಲಿ ಓಡಾಡಿದವಳು ಹೇಳುತ್ತೇನೆ, ಕೇಳಿ: ಪ್ರಶ್ನೆಪತ್ರಿಕೆಯ ಹಿಂಬದಿ ತಿರುಗಿಸದೆ ಎದ್ದುಹೋದ ಜಾಣ ಮಕ್ಕಳನ್ನೇ ಎಷ್ಟೋ ಮಂದಿಯನ್ನು ಕಂಡಿದ್ದೇನೆ. ಕಾಪಿ ಹೊಡೆಯುವವನನ್ನು ಹಿಡಿಯಲು ನಮಗೆ ಹದ್ದಿನ ಕಣ್ಣು. ಬೆವರುತ್ತ ಕುಳಿತವನ ಹತ್ತಿರ ಹೋಗಿ "ಎರಡೂ ಕಡೆ ನೋಡಿದೆಯೇನಪ್ಪ?" ಎನ್ನಲು ಮಾತ್ರ ಬಾಯಿ ಬರುವುದಿಲ್ಲ.

ಇನ್ನು ಆ ವೇಷ ಹಾಕಿದ ರೋವನ್ ಅಟ್ಕಿನ್ಸನ್. ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿ, ಆಕ್ಸ್‌ಫರ್ಡಿನಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ಅವರಿಗೆ ತೊದಲಿನ ತೊಂದರೆ. ಪಾತ್ರವಾಗಿ ನಿಂತರೆ ಅದು ಕಡಿಮೆಯಾಗುತ್ತದೆಂದು ಅವರೇ ಹೇಳಿಕೊಂಡಿದ್ದಾರೆ. ಬೀನ್‌ಗಂತೂ ಮಾತೇ ಕಡಿಮೆ. ಅಟ್ಕಿನ್ಸನ್ ಆ ಪೆದ್ದುತನವನ್ನು ತಾವೇ ಆರಿಸಿಕೊಂಡರು, ಲೆಕ್ಕ ಹಾಕಿ ಆಡಿದರು, ಕೆಲಸ ಮುಗಿದೊಡನೆ ಬಣ್ಣ ಕಳಚಿ ಮನೆಗೆ ಹೋದರು. ಎಂಟನೆಯ ತರಗತಿಯ ಹುಡುಗ ಅದನ್ನು ಎಲ್ಲಿ ಕಳಚಬೇಕು? ಮನೆಗೆ ಹೋದರೆ ಅಲ್ಲಿಯೂ ಅದೇ ಹೆಸರು ಕಾದಿರುತ್ತದೆ.

ನನಗೆ ಇದು ಹೊಳೆಯಲು ಆ ಕಂತನ್ನು ಎರಡನೆಯ ಸಲ ನೋಡಬೇಕಾಯಿತು. ಮರುವಾರ ಹಾಜರಿಯಲ್ಲಿ ಹುಡುಗನನ್ನು ಅವನ ಹೆಸರು ಹಿಡಿದೇ ಕರೆದೆ. ಉತ್ತರವಿಲ್ಲ. ಮತ್ತೊಮ್ಮೆ ಕರೆದೆ. ಪಕ್ಕದವನು ಮೊಣಕೈಯಿಂದ ತಿವಿದು, "ಏಯ್, ನಿನ್ನೇ ಕಣೋ" ಎನ್ನಬೇಕಾಯಿತು.